ಗೋಲ್ಡಿಲಾಕ್ಸ್: ಚಿನ್ನವೂ ಅಲ್ಲ, ಬೀಗವೂ ಅಲ್ಲ

2025ರ ಡಿಸೆಂಬರ್ 5ರಂದು ರಿಸರ್ವ್ ಬ್ಯಾಂಕ್ ಗವರ್ನರ್ ಸಂಜಯ್ ಮಲ್ಹೋತ್ರಾ ಹಣಕಾಸು ನೀತಿ ಪ್ರಕಟಿಸುವಾಗ, ದೇಶದ ಆರ್ಥಿಕತೆ ಅಪರೂಪದ ‘ಗೋಲ್ಡಿಲಾಕ್ಸ್’ ಅವಧಿಯಲ್ಲಿದೆ ಎಂದರು. ಆ ಪದ ಆಮೇಲೆ ಪತ್ರಿಕೆ, ಟಿವಿ, ಯೂಟ್ಯೂಬ್ ಎಲ್ಲ ಕಡೆ ಓಡಾಡಿತು. ರಾಯಚೂರಲ್ಲೋ ಬಳ್ಳಾರಿಯಲ್ಲೋ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು ಇಂಥ ಪದ ಕಂಡರೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಎದುರಿಗೆ ಅರ್ಥ ಬರೆಯುವಾಗ ‘ಗೋಲ್ಡ್’ ಕಿವಿಗೆ ಬಿದ್ದಿರುತ್ತದೆ, ಕೈ ತಾನಾಗಿ ‘ಸುವರ್ಣ ಯುಗ’ ಎಂದು ಬರೆದುಬಿಡುತ್ತದೆ.

ಅದು ತಪ್ಪು. ಹಟ್ಟಿಯ ಗಣಿಯಿಂದ ಬರುವ ಚಿನ್ನಕ್ಕೂ ಈ ಪದಕ್ಕೂ ನಂಟಿಲ್ಲ. ‘ಲಾಕ್ಸ್’ ಅಂದರೆ ಇಲ್ಲಿ ಬೀಗವೂ ಅಲ್ಲ, ಕೂದಲಿನ ಎಳೆ, ಗುಂಗುರು ಜಡೆ. ಬಂಗಾರದ ಬಣ್ಣದ ಕೂದಲಿನವಳು ಎಂಬುದಷ್ಟೇ ಪದದ ಅರ್ಥ. ಹೊಂಗೂದಲಿನವರನ್ನು ಹಾಗೆ ಕರೆಯುವ ರೂಢಿ ಇಂಗ್ಲಿಷಿನಲ್ಲಿ 16ನೇ ಶತಮಾನದಿಂದಲೂ ಇದೆ, ಒಂದು ಹಳದಿ ಕಾಡುಹೂವಿಗೂ ಇದೇ ಹೆಸರು. ಒಂದು ಮಕ್ಕಳ ಕಥೆಯ ಹುಡುಗಿಗೆ ಈ ಹೆಸರು ಅಂಟಿಕೊಂಡ ಮೇಲೆ ಪದದ ದಾರಿಯೇ ಬದಲಾಯಿತು. ಈಗ ಇಂಗ್ಲಿಷಿನವರು ‘ಗೋಲ್ಡಿಲಾಕ್ಸ್’ ಅಂದಾಗ ಕೂದಲು ಯಾರ ನೆನಪಿಗೂ ಬರುವುದಿಲ್ಲ. ಅವರ ಕಣ್ಣ ಮುಂದೆ ಬರುವುದು ಮೂರು ಬಟ್ಟಲು ಗಂಜಿ, ಎರಡು ಅತಿಗಳ ನಡುವೆ ಸರಿಯಾಗಿರುವುದು ಎಂಬ ಅರ್ಥ.

ಕಥೆ ಚಿಕ್ಕದು. ಕಾಡಿನ ಮನೆಯಲ್ಲಿ ಮೂರು ಕರಡಿ. ಗಂಜಿ ಕಾಯಿಸಿ ಬಟ್ಟಲಿಗೆ ಹಾಕಿ, ಆರಲಿ ಎಂದು ಇಟ್ಟು, ಒಂದು ಸುತ್ತು ತಿರುಗಾಡಲು ಹೋಗುತ್ತವೆ. ಆ ಹೊತ್ತಿಗೆ ಹುಡುಗಿಯೊಬ್ಬಳು ಯಾರ ಅಪ್ಪಣೆಯೂ ಇಲ್ಲದೆ ಒಳಗೆ ನುಗ್ಗುತ್ತಾಳೆ. ದೊಡ್ಡ ಕರಡಿಯ ಗಂಜಿ ಬಾಯಿ ಸುಡುತ್ತದೆ, ನಡುವಿನದರ ಗಂಜಿ ತಣ್ಣಗೆ ಕೊರೆಯುತ್ತದೆ, ಚಿಕ್ಕದರ ಗಂಜಿ ಹಿತವಾಗಿರುತ್ತದೆ, ಕುಡಿದು ಮುಗಿಸುತ್ತಾಳೆ. ಆಮೇಲೆ ಕುರ್ಚಿ: ಒಂದು ತೀರ ಗಟ್ಟಿ, ಒಂದು ತೀರ ಮೆತ್ತಗೆ, ಮೂರನೆಯದು ಸರಿ, ಆದರೆ ಕೂತ ಕೂಡಲೇ ಮುರಿದುಬೀಳುತ್ತದೆ. ಆಮೇಲೆ ಹಾಸಿಗೆ, ಅಲ್ಲೂ ಅದೇ ಲೆಕ್ಕ. ಮೂರನೇ ಹಾಸಿಗೆಯಲ್ಲಿ ನಿದ್ದೆ ಹೋದವಳು ಕರಡಿಗಳು ವಾಪಸ್ ಬಂದಾಗ ಎಚ್ಚೆತ್ತು ಓಡಿಹೋಗುತ್ತಾಳೆ. ಒಂದು ಅತಿ, ಅದಕ್ಕೆ ಎದುರಾದ ಇನ್ನೊಂದು ಅತಿ, ಆಮೇಲೆ ‘ಜಸ್ಟ್ ರೈಟ್’. ಈ ಮೂರರ ತಾಳ ಮೂರು ಸಲ ಬರುವುದರಿಂದಲೇ ಕಥೆ ಒಮ್ಮೆ ಕೇಳಿದ ಮಗುವಿಗೂ ಬಾಯಿಪಾಠ.

ಇನ್ನೊಂದು ಸಂಗತಿ: ಮೊದಲು ಈ ಕಥೆಯಲ್ಲಿ ಹುಡುಗಿಯೇ ಇರಲಿಲ್ಲ. 1837ರಲ್ಲಿ ಇಂಗ್ಲೆಂಡಿನ ಕವಿ ರಾಬರ್ಟ್ ಸೌದಿ ಇದನ್ನು ಅಚ್ಚು ಹಾಕಿಸಿದಾಗ ಮನೆಗೆ ನುಗ್ಗಿದವಳು ಒಬ್ಬ ಕೆಟ್ಟ ಬಾಯಿಯ ಮುದುಕಿ. ಅದಕ್ಕೂ ಮುಂಚೆ, 1831ರಲ್ಲಿ, ಎಲಿನರ್ ಮ್ಯೂರ್ ಎಂಬಾಕೆ ಸೋದರಳಿಯನಿಗಾಗಿ ಕೈಯಲ್ಲಿ ಬರೆದುಕೊಟ್ಟ ಪ್ರತಿಯಲ್ಲೂ ಮುದುಕಿಯೇ. ಸುಮಾರು 1850ರ ಹೊತ್ತಿಗೆ ಜೋಸೆಫ್ ಕಂಡಲ್ ಎಂಬ ಪ್ರಕಾಶಕ ಮುದುಕಿಯನ್ನು ತೆಗೆದು ‘ಸಿಲ್ವರ್ ಹೇರ್’ ಎಂಬ ಹುಡುಗಿಯನ್ನು ತಂದ. ಬೆಳ್ಳಿ ಕೂದಲು ಬಂಗಾರದ್ದಾಗಿ ‘ಗೋಲ್ಡಿಲಾಕ್ಸ್’ ಎಂಬ ಹೆಸರು ನೆಲೆನಿಂತದ್ದು 20ನೇ ಶತಮಾನದ ಆರಂಭದಲ್ಲಿ. ಕರಡಿಗಳೂ ಬದಲಾಗಿವೆ. ಸೌದಿಯ ಕಥೆಯಲ್ಲಿ ಮೂರೂ ಗಂಡು ಕರಡಿಗಳು, ಅಪ್ಪ ಅಮ್ಮ ಮಗು ಎಂಬ ಸಂಸಾರ ಆಮೇಲೆ ಕಟ್ಟಿದ್ದು. ಸಂಡೂರು ತಾಲ್ಲೂಕಿನ ದರೋಜಿಗೆ ಹೋಗಿ ಕರಡಿಧಾಮದ ಬಂಡೆಗಳನ್ನು ಸಂಜೆ ಹೊತ್ತು ದುರ್ಬೀನಿನಲ್ಲಿ ನೋಡಿದವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ಅಲ್ಲಿ ಕಾಣುವುದು ಒಂಟಿ ಕರಡಿ, ಇಲ್ಲವೇ ಬೆನ್ನ ಮೇಲೆ ಮರಿ ಹೊತ್ತ ತಾಯಿ. ಗಂಡು ಕರಡಿ ಸಂಸಾರ ಮಾಡುವ ಪೈಕಿ ಅಲ್ಲ.

ಕಥೆಯಲ್ಲಿ ಭೌತಶಾಸ್ತ್ರದ ಒಂದು ತಪ್ಪೂ ಇದೆ. ಒಂದೇ ಪಾತ್ರೆಯಿಂದ ಒಂದೇ ಹೊತ್ತಿಗೆ ಮೂರು ಬಟ್ಟಲಿಗೆ ಗಂಜಿ ಹಾಕಿದರೆ ಎಲ್ಲಕ್ಕಿಂತ ಮೊದಲು ಆರಬೇಕಾದ್ದು ಚಿಕ್ಕ ಬಟ್ಟಲು. ಗಂಜಿಯ ಪ್ರಮಾಣಕ್ಕೆ ಹೋಲಿಸಿದರೆ ಗಾಳಿಗೆ ತೆರೆದುಕೊಳ್ಳುವ ಮೈ ಅದರದ್ದೇ ಹೆಚ್ಚು. ನಡುವಿನದು ಎಲ್ಲಕ್ಕಿಂತ ತಣ್ಣಗಾಗಬೇಕಾದರೆ ಅದನ್ನು ಅಗಲವಾದ ಪರಾತದಲ್ಲಿ ಸುರಿದಿರಬೇಕು. ಇದನ್ನು ಹೇಳಲು ಕಾರಣವಿದೆ. ಮೂರು ಗಾತ್ರದಲ್ಲಿ ನಡುವಿನದೇ ‘ಗೋಲ್ಡಿಲಾಕ್ಸ್’ ಎಂದು ಅನೇಕರು ತಿಳಿಯುತ್ತಾರೆ, ಆದರೆ ಕಥೆಯಲ್ಲಿ ಅವಳಿಗೆ ಒಪ್ಪಿದ್ದು ಮಧ್ಯಮ ಗಾತ್ರದ ಬಟ್ಟಲಲ್ಲ, ಚಿಕ್ಕದು. ನಡುವೆ ಇರಬೇಕಾದ್ದು ಬಿಸಿ, ಗಾತ್ರವಲ್ಲ. ಯಾವ ಗುಣದ ಎರಡು ತುದಿಗಳ ನಡುವೆ ಎಂಬುದನ್ನು ಬಿಟ್ಟು ಈ ಪದ ಬಳಸಿದರೆ ಅರ್ಥ ಜಾರಿಹೋಗುತ್ತದೆ.

ಎಲ್ಲಿ ಬಳಸಬಹುದು, ಎಲ್ಲಿ ಬಾರದು

ಪರೀಕ್ಷೆ ಸುಲಭ. ಹೇಳಬೇಕಾದ ವಿಷಯಕ್ಕೆ ಎರಡು ‘ಟೂ’, ಅಂದರೆ ಎರಡು ‘ಅತಿ’, ಹಚ್ಚಿ ನೋಡಿ. ಎರಡೂ ಕಡೆ ಕೆಡಕು ಇದ್ದರೆ ಪದ ಹೊಂದುತ್ತದೆ. ಮಳೆ ಅತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ, ಹಾಗಾಗಿ ಗೋಲ್ಡಿಲಾಕ್ಸ್ ಮಳೆ ಎನ್ನಬಹುದು. ಔಷಧದ ಡೋಸ್, ಮೆತ್ತೆಯ ಎತ್ತರ, ಪಾಠದ ವೇಗ, ಸಾಲದ ಬಡ್ಡಿದರ ಎಲ್ಲಕ್ಕೂ ಎರಡು ತುದಿ ಇವೆ. ಪರೀಕ್ಷೆಯ ಅಂಕಕ್ಕೆ ಇಲ್ಲ. ಅಂಕ ಜಾಸ್ತಿ ಬಂತು ಎಂದು ಯಾರೂ ಗೋಳಾಡುವುದಿಲ್ಲ, ಆದ್ದರಿಂದ ‘ಗೋಲ್ಡಿಲಾಕ್ಸ್ ಮಾರ್ಕ್ಸ್’ ಅಂದರೆ ಕೇಳಿದವರಿಗೆ ತಲೆಬುಡ ತಿಳಿಯದು. ಅತ್ಯುತ್ತಮ, ಅದೃಷ್ಟದ, ವೈಭವದ ಎಂಬ ಅರ್ಥದಲ್ಲೂ ಬಾರದು. ಮಗಳ ಮದುವೆ ‘ಗೋಲ್ಡಿಲಾಕ್ಸ್ ವೆಡ್ಡಿಂಗ್’ ಆಯಿತು ಎಂದರೆ, ಜನ ತೀರ ಹೆಚ್ಚೂ ಇರಲಿಲ್ಲ, ತೀರ ಕಡಿಮೆಯೂ ಇರಲಿಲ್ಲ ಎಂಬ ಅರ್ಥ ಹೊಳೆದೀತೇ ಹೊರತು ಅದ್ದೂರಿ ಎಂದಲ್ಲ.

ಇಲ್ಲಿ ನಮ್ಮ ಭಾಷೆಯೇ ಒಡ್ಡುವ ಒಂದು ಎಡವಟ್ಟು ಇದೆ. ‘ಭಾಳ ಬಿಸಿ ಐತಿ’ ಅಂದಾಗ ಕೊಪ್ಪಳದ ಕಿವಿಗೆ ಎರಡು ಅರ್ಥವೂ ಸಲ್ಲುತ್ತದೆ: ಚೆನ್ನಾಗಿ ಬಿಸಿಯಾಗಿದೆ, ಅಥವಾ ಕುಡಿಯಲಾರದಷ್ಟು ಬಿಸಿಯಾಗಿದೆ. ಯಾವುದು ಎಂಬುದನ್ನು ಮಾತಿನ ಧಾಟಿ ಹೇಳುತ್ತದೆ. ಇಂಗ್ಲಿಷಿನಲ್ಲಿ ಮೊದಲನೆಯದು ‘ವೆರಿ ಹಾಟ್’, ಎರಡನೆಯದು ‘ಟೂ ಹಾಟ್’. ‘ಟೂ’ದೊಳಗೆ ದೂರು ಅಡಗಿದೆ, ಮಿತಿ ಮೀರಿತು, ಇನ್ನು ಆಗದು ಎಂಬ ದೂರು. ನಾವು ಮೆಚ್ಚುಗೆಗೆ ‘ಟೂ ಟೇಸ್ಟಿ’, ‘ಟೂ ಗುಡ್’ ಅಂದು ರೂಢಿಸಿಕೊಂಡಿದ್ದೇವೆ, ಭಾರತದ ಒಳಗೆ ಅದು ನಡೆಯುತ್ತದೆ. ಆದರೆ ‘ಟೂ’ವನ್ನು ‘ತುಂಬಾ’ ಎಂದೇ ಓದಿದರೆ ಗೋಲ್ಡಿಲಾಕ್ಸ್ ಕಥೆ ನಿಲ್ಲುವುದಿಲ್ಲ: ತುಂಬಾ ಬಿಸಿ, ತುಂಬಾ ತಂಪು, ಅದರಲ್ಲೇನು ದೋಷ? ದೋಷ ಇರುವುದು ‘ಟೂ’ದಲ್ಲಿ. ಹಾಗೆಯೇ ‘ಜಸ್ಟ್ ರೈಟ್’ನ ‘ಜಸ್ಟ್’ ಎಂಬುದು ‘ಈಗಷ್ಟೇ’ ಅಲ್ಲ, ‘ಬರೀ’ ಅಲ್ಲ. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ ಸರಿ ಎಂಬ ಒತ್ತು ಅದು.

ವ್ಯಾಕರಣದ ಕಡೆ ಮೂರು ನಾಲ್ಕು ಮಾತು ಸಾಕು. ಕೊನೆಯ ‘ಸ್’ ಮೂಲದಲ್ಲಿ ಕೂದಲೆಳೆಗಳ ಬಹುವಚನವೇ ಆದರೂ ಹೆಸರು ಏಕವಚನ, ‘ಗೋಲ್ಡಿಲಾಕ್’ ಎಂದು ಕತ್ತರಿಸಬಾರದು. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ವ್ಯಕ್ತಿನಾಮದಂತೆ ಮೊದಲ ಅಕ್ಷರ ದೊಡ್ಡದು. ಪದ ಸಾಮಾನ್ಯವಾಗಿ ಇನ್ನೊಂದು ನಾಮಪದದ ಮುಂದೆ ಕೂರುತ್ತದೆ: ಗೋಲ್ಡಿಲಾಕ್ಸ್ ಜೋನ್, ಗೋಲ್ಡಿಲಾಕ್ಸ್ ಎಕಾನಮಿ, ಗೋಲ್ಡಿಲಾಕ್ಸ್ ವೆದರ್. ‘ದ ವೆದರ್ ಈಸ್ ಗೋಲ್ಡಿಲಾಕ್ಸ್’ ಎಂದು ವಾಕ್ಯದ ಕೊನೆಗೆ ಒಂಟಿಯಾಗಿ ಬಿಟ್ಟರೆ ಕುಂಟುತ್ತದೆ, ಅಲ್ಲಿ ‘ಜಸ್ಟ್ ರೈಟ್’ ಎನ್ನುವುದೇ ಲೇಸು. ‘ವೆರಿ ಗೋಲ್ಡಿಲಾಕ್ಸ್’, ‘ಮೋರ್ ಗೋಲ್ಡಿಲಾಕ್ಸ್’ ಇಲ್ಲ. ಸರಿಗಿಂತ ಹೆಚ್ಚು ಸರಿ ಎಂಬುದಿಲ್ಲ. ಮಾತಿನಲ್ಲಿ, ಪತ್ರಿಕೆಯಲ್ಲಿ, ವಿಜ್ಞಾನದ ಜನಪ್ರಿಯ ಬರಹದಲ್ಲಿ ಬರಬಹುದು. ಅರ್ಜಿಯಲ್ಲಿ, ಕರಾರು ಪತ್ರದಲ್ಲಿ ಬೇಡ. ವ್ಯಕ್ತಿಯನ್ನೇ ಗೋಲ್ಡಿಲಾಕ್ಸ್ ಎಂದು ಕರೆದರೆ ಅದು ಹೊಗಳಿಕೆಯಲ್ಲ. ದಿಂಬು ಸರಿಯಿಲ್ಲ, ಫ್ಯಾನ್ ಸರಿಯಿಲ್ಲ, ಚಹಾ ಸರಿಯಿಲ್ಲ ಎಂದು ಎಲ್ಲದಕ್ಕೂ ತಕರಾರು ತೆಗೆಯುವ ಆಸಾಮಿ ಎಂಬ ತಮಾಷೆ ಅದರಲ್ಲಿದೆ.

ಆಕಾಶದಲ್ಲಿ, ಪೇಟೆಯಲ್ಲಿ, ಹೋಟೆಲಿನಲ್ಲಿ

ಪದ ಹೆಚ್ಚು ಕೇಳಿಬರುವುದು ಖಗೋಳದಲ್ಲಿ. ನಕ್ಷತ್ರದ ಸುತ್ತ ಗ್ರಹದ ಮೇಲ್ಮೈಯಲ್ಲಿ ನೀರು ದ್ರವವಾಗಿ ನಿಲ್ಲಬಲ್ಲ ದೂರದ ಪಟ್ಟಿಗೆ ವಿಜ್ಞಾನಿಗಳು ವಾಸಯೋಗ್ಯ ವಲಯ ಎನ್ನುತ್ತಾರೆ, ಜನರ ಬಾಯಲ್ಲಿ ಅದೇ ಗೋಲ್ಡಿಲಾಕ್ಸ್ ಜೋನ್. ನಮ್ಮ ಸೂರ್ಯನಿಂದ ಶುಕ್ರ ಸುಮಾರು 10.8 ಕೋಟಿ ಕಿ.ಮೀ. ದೂರ, ಭೂಮಿ 15 ಕೋಟಿ, ಮಂಗಳ 22.8 ಕೋಟಿ. ಶುಕ್ರನ ನೆಲದ ಉಷ್ಣಾಂಶ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸ ಕರಗುವಷ್ಟು. ಮಂಗಳದ ಸರಾಸರಿ ಶೂನ್ಯಕ್ಕಿಂತ ಸುಮಾರು 60 ಡಿಗ್ರಿ ಕೆಳಗೆ. ಭೂಮಿಯದು 15ರ ಆಸುಪಾಸು. ಮೂರು ಬಟ್ಟಲು ಸಾಲಾಗಿ ಇಟ್ಟ ಹಾಗೆ.

ಆದರೆ ದೂರ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಇದಕ್ಕೆ ಚಂದ್ರನೇ ಸಾಕ್ಷಿ. ಸೂರ್ಯನಿಂದ ಭೂಮಿ ಇರುವಷ್ಟೇ ದೂರದಲ್ಲಿ ಚಂದ್ರನೂ ಇದ್ದಾನೆ, ಅದೇ ಗೋಲ್ಡಿಲಾಕ್ಸ್ ಜೋನ್‌ನಲ್ಲಿ. ಅವನ ಸಮಭಾಜಕದಲ್ಲಿ ಮಧ್ಯಾಹ್ನ ಸುಮಾರು 120 ಡಿಗ್ರಿ, ರಾತ್ರಿ ಶೂನ್ಯಕ್ಕಿಂತ ನೂರು ಡಿಗ್ರಿಗೂ ಕೆಳಗೆ. ಹೊದಿಕೆಗೆ ಗಾಳಿ ಇಲ್ಲ, ಅದೇ ಕೊರತೆ. ಭೂಮಿಯ ಮೇಲೂ ಹಸಿರುಮನೆ ಅನಿಲಗಳ ಹೊದಿಕೆ ಇಲ್ಲದಿದ್ದರೆ ಸರಾಸರಿ ಉಷ್ಣಾಂಶ ಶೂನ್ಯಕ್ಕಿಂತ 18 ಡಿಗ್ರಿ ಕೆಳಗೆ ಇರುತ್ತಿತ್ತು ಎಂಬುದು ಲೆಕ್ಕ. ಆದ್ದರಿಂದ ಗೋಲ್ಡಿಲಾಕ್ಸ್ ಜೋನ್‌ನಲ್ಲಿ ಹೊಸ ಗ್ರಹ ಪತ್ತೆ ಎಂಬ ಸುದ್ದಿ ಓದಿದಾಗ ಅಲ್ಲಿ ಜೀವ ಸಿಕ್ಕಿದೆ ಎಂದು ಓದಬಾರದು. ಒಲೆಯಿಂದ ಬಟ್ಟಲು ಇರುವ ದೂರ ಸರಿಯಿದೆ ಎಂದಷ್ಟೇ ಸುದ್ದಿ, ಬಟ್ಟಲಲ್ಲಿ ಗಂಜಿ ಇದೆಯೋ ಇಲ್ಲವೋ ನೋಡಿದವರಿಲ್ಲ.

ಹಣಕಾಸಿನಲ್ಲಿ ಪದ 1990ರ ದಶಕದಲ್ಲಿ ಅಮೆರಿಕದ ಷೇರುಪೇಟೆ ವಿಶ್ಲೇಷಕರ ಬಾಯಲ್ಲಿ ಹಬ್ಬಿತು. ಬೆಳವಣಿಗೆ ಬೆಲೆ ಏರಿಸುವಷ್ಟು ಬಿಸಿಯೂ ಅಲ್ಲ, ಕೆಲಸ ಕಳೆಯುವಷ್ಟು ತಂಪೂ ಅಲ್ಲ ಎಂಬ ಸ್ಥಿತಿ ಅದು. ಅಲ್ಲಿ ಒಂದು ಶ್ಲೇಷೆಯೂ ಇದೆ: ಪೇಟೆ ಕುಸಿಯುತ್ತದೆ ಎಂದು ಪಣ ಕಟ್ಟುವವನಿಗೆ ಷೇರುಪೇಟೆಯಲ್ಲಿ ‘ಬೇರ್’, ಕರಡಿ, ಎಂದೇ ಹೆಸರು. ಹುಡುಗಿ ಹಾಯಾಗಿ ಮಲಗಿದ್ದಾಳೆ ಸರಿ, ಕರಡಿಗಳು ಮನೆಗೆ ಬರುವುದು ಯಾವಾಗ? ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಈ ಪದ ಬಂದಾಗ ಇದು ಬಹಳ ದಿನ ನಿಲ್ಲದು ಎಂಬ ಅಳುಕು ಹಿಂದೆಯೇ ಬರುತ್ತದೆ. ‘ಸುವರ್ಣ ಯುಗ’ದಲ್ಲಿ ಈ ಅಳುಕು ಇಲ್ಲ. ಆ ಅನುವಾದ ಸೋಲುವ ಎರಡನೇ ಜಾಗ ಇದು.

ವ್ಯಾಪಾರಿಗಳು ಈ ಕಥೆಯನ್ನು ತಿರುಗಿಸಿ ಬಳಸುತ್ತಾರೆ, ಅದಕ್ಕೆ ಗೋಲ್ಡಿಲಾಕ್ಸ್ ಪ್ರೈಸಿಂಗ್ ಎಂದು ಹೆಸರು. ಒಂದು ಖಾನಾವಳಿಯಲ್ಲಿ ಮಿನಿ ಊಟ 70 ರೂಪಾಯಿ, ಫುಲ್ ಊಟ 110 ಎಂದು ಎರಡೇ ಇದ್ದಾವೆ ಎಂದಿಟ್ಟುಕೊಳ್ಳಿ. ಗಿರಾಕಿ ಹೆಚ್ಚಾಗಿ ಅಗ್ಗದ ಕಡೆ ವಾಲುತ್ತಾನೆ. ಮಾಲೀಕ ಬೋರ್ಡಿಗೆ 180 ರೂಪಾಯಿಯ ಸ್ಪೆಷಲ್ ಊಟ ಸೇರಿಸುತ್ತಾನೆ. ಅದನ್ನು ತಗೊಳ್ಳುವವರು ಕೆಲವೇ ಮಂದಿ. ಆದರೆ ಅದು ಪಕ್ಕದಲ್ಲಿ ಕೂತ ಕೂಡಲೇ 110ರದ್ದು ದುಬಾರಿ ಅನಿಸುವುದು ನಿಲ್ಲುತ್ತದೆ, ತೀರ ಕಡಿಮೆಯೂ ಬೇಡ, ತೀರ ಜಾಸ್ತಿಯೂ ಬೇಡ ಎಂದು ಕೈ ನಡುವಿಗೆ ಹೋಗುತ್ತದೆ. ಮೊಬೈಲ್ ರೀಚಾರ್ಜ್ ಪಟ್ಟಿಯಲ್ಲಿ, ಕೋಚಿಂಗ್ ಫೀಸಿನ ಪಾಂಪ್ಲೆಟ್‌ನಲ್ಲಿ ಇದೇ ಆಟ ನಡೆಯುತ್ತದೆ. ಕಥೆಯ ಹುಡುಗಿ ನಾಲಿಗೆಗೆ ಹಚ್ಚಿ ನೋಡಿ ಆರಿಸಿದಳು. ನಾವು ಆರಿಸುವುದು ಬೋರ್ಡು ನೋಡಿ, ಮತ್ತು ಆ ಎರಡು ತುದಿಗಳನ್ನು ಇಟ್ಟವನು ಮಾರುವವನೇ.

ಮಕ್ಕಳ ಮನಶ್ಶಾಸ್ತ್ರದಲ್ಲೂ ಪದ ಇದೆ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಏಳೆಂಟು ತಿಂಗಳ ಕೂಸುಗಳಿಗೆ ಪರದೆಯ ಮೇಲೆ ದೃಶ್ಯಗಳ ಸರಣಿ ತೋರಿಸಿದರು. ಮುಂದೇನು ಎಂದು ಪೂರ್ತಿ ಊಹಿಸಬಹುದಾದಾಗಲೂ, ಏನೂ ಊಹೆಗೆ ಸಿಗದಾದಾಗಲೂ ಕೂಸುಗಳು ಮುಖ ತಿರುಗಿಸಿದವು, ನಡುವಿನದಕ್ಕೆ ಕಣ್ಣು ನೆಟ್ಟವು. ಇದಕ್ಕೆ ಗೋಲ್ಡಿಲಾಕ್ಸ್ ಎಫೆಕ್ಟ್ ಎಂದರು.

ನಮ್ಮ ‘ಹದ’ ಇದೇನಾ?

ಇಷ್ಟು ಓದುವ ಹೊತ್ತಿಗೆ ಕನ್ನಡದವರ ನಾಲಿಗೆ ತುದಿಗೆ ‘ಹದ’ ಬಂದಿರುತ್ತದೆ. ಇಂಗ್ಲಿಷಿನವರು ಒಬ್ಬ ಹುಡುಗಿ, ಮೂರು ಕರಡಿ, ಒಂದು ಮನೆ ಕಟ್ಟಿ ಹೇಳುವುದನ್ನು ನಾವು ಎರಡಕ್ಷರದಲ್ಲಿ ಹೇಳಿ ಮುಗಿಸುತ್ತೇವೆ. ಅನುವಾದಕ್ಕೆ ಮೊದಲು ಕೈ ಹಾಕಬೇಕಾದ ಪದ ಇದೇ, ಅನುಮಾನವಿಲ್ಲ. ಆದರೂ ಎರಡೂ ಒಂದೇ ಅಲ್ಲ. ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಒಂದು ಹಿಡಿ ಮಣ್ಣಿನಲ್ಲಿ ನೋಡಬಹುದು.

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಜೇಡಿಯ ಅಂಶ ಬಹಳ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ದೊಡ್ಡ ಮಳೆಯ ಮರುದಿನ ಮಸಾರಿ (ಕೆಂಪು ಮಣ್ಣಿನ) ಹೊಲದವನು ಕುಂಟೆ ಹೂಡಿರುತ್ತಾನೆ, ಎರಿ ಹೊಲದವನು ಬದುವಿನ ಮೇಲೆ ನಿಂತಿರುತ್ತಾನೆ. ಆಗ ಇಳಿದರೆ ಎತ್ತಿನ ಕಾಲು ಹೂಳುತ್ತದೆ, ಟ್ರ್ಯಾಕ್ಟರಿನ ಗಾಲಿ ಇದ್ದಲ್ಲೇ ತಿರುಗುತ್ತದೆ, ನೇಗಿಲು ಎಬ್ಬಿಸಿದ ಮಣ್ಣು ಹೋಳು ಹೋಳಾಗಿ ಮಗುಚಿ ಬಿಸಿಲಿಗೆ ಇಟ್ಟಿಗೆಯಾಗುತ್ತದೆ. ಮುಂದೆ ಎಷ್ಟು ಹರಗಿದರೂ ಆ ಹೆಂಟೆ ಒಡೆಯುವುದಿಲ್ಲ. ತಡ ಮಾಡಿದರೆ ಇನ್ನೊಂದು ಕಷ್ಟ: ಮೇಲಿನ ಪದರ ಕಲ್ಲಾಗಿ ಕುಳ ಇಳಿಯದು. ನಡುವೆ ಸಿಗುವುದು ಕೆಲವೇ ದಿನ.

ಆ ದಿನ ಬಂದಿದೆಯೋ ಇಲ್ಲವೋ ನೋಡುವುದು ಹೀಗೆ. ಮೇಲಿನ ಒಣ ಪುಡಿಯನ್ನು ಕಾಲಿನಿಂದ ಸರಿಸಿ, ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆಯಬೇಕು. ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡಬೇಕು. ಉಂಡೆಯೇ ಆಗದೆ ಬೆರಳ ಸಂದಿಯಿಂದ ಉದುರಿದರೆ ಹಸಿ ಆರಿಹೋಗಿದೆ. ಉಂಡೆಯಾಗಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ ಕೂಡಲೇ ಬಿರಿದು ಪುಡಿಯಾದರೆ ಹದ. ಒತ್ತಿದಾಗ ಬಿರಿಯದೆ ಚಪ್ಪಟೆಯಾಗಿ, ಅಂಗೈಯಲ್ಲಿ ಉಜ್ಜಿದರೆ ಶ್ಯಾವಿಗೆಯ ಹಾಗೆ ಎಳೆ ಬಂದರೆ ಇನ್ನೂ ಹಸಿ ಹೆಚ್ಚು, ಮನೆಗೆ ಹೋಗಬಹುದು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲೂ ಇದನ್ನೇ ಮಾಡುತ್ತಾರೆ, ಎಳೆಯ ದಪ್ಪ 3 ಮಿ.ಮೀ.ಗೆ ಬಂದಾಗ ತುಂಡಾಗುತ್ತದೆಯೇ ನೋಡಿ ‘ಪ್ಲಾಸ್ಟಿಕ್ ಲಿಮಿಟ್’ ಎಂದು ಬರೆದುಕೊಳ್ಳುತ್ತಾರೆ. ಉಳಲು ಬೇಕಾದ ತೇವ ಆ ಗೆರೆಗಿಂತ ಸ್ವಲ್ಪ ಕೆಳಗಿರುತ್ತದೆ.

ಅತಿ ಹಸಿ, ಅತಿ ಒಣ, ನಡುವೆ ಸರಿ. ಇಲ್ಲಿಯವರೆಗೆ ಗೋಲ್ಡಿಲಾಕ್ಸ್ ಹೌದು. ಆದರೆ ‘ಹದ ನೋಡಿ ಹರಗು, ಬೆದೆ ನೋಡಿ ಬಿತ್ತು’ ಎನ್ನುವ ಮಾತಿನ ಹದಕ್ಕೆ ಕಾಲವೂ ಇದೆ, ಕೈಯೂ ಇದೆ. ಹದ ಬರುತ್ತದೆ, ಇರುತ್ತದೆ, ಆರಿಹೋಗುತ್ತದೆ. ಅದು ಬರುವವರೆಗೆ ಕಾಯುತ್ತೇವೆ, ಇಲ್ಲದಿದ್ದರೆ ಮಾಡಿಕೊಳ್ಳುತ್ತೇವೆ: ಹೊಲ ಹದ ಮಾಡುತ್ತೇವೆ, ತೊಗಲು ಹದ ಮಾಡುತ್ತೇವೆ. ಜೋಳದ ಹಿಟ್ಟಿಗೆ ಗೋಧಿಯಂಥ ಅಂಟು ಇಲ್ಲ, ಅದಕ್ಕೇ ಕುದಿಯುವ ನೀರು ಹಾಕಿ ನಾದಿ ಹದಕ್ಕೆ ತರುತ್ತೇವೆ. ಬಿಸಿಗೆ ಹಿಟ್ಟಿನ ಪಿಷ್ಟ ಅಂಟಾಗಿ ರೊಟ್ಟಿ ಬಡಿಯುವಾಗ ಅಂಚು ಸೀಳುವುದಿಲ್ಲ. ಗೋಲ್ಡಿಲಾಕ್ಸ್ ಏನನ್ನೂ ಮಾಡುವುದಿಲ್ಲ. ಬೇರೆಯವರು ಕಾಯಿಸಿಟ್ಟ ಗಂಜಿ, ಬೇರೆಯವರು ಹಾಸಿದ ಹಾಸಿಗೆ. ಅವಳ ಕೆಲಸ ರುಚಿ ನೋಡಿ ಆರಿಸುವುದು ಮಾತ್ರ. ಭೂಮಿ ಸೂರ್ಯನಿಂದ ಇಷ್ಟು ದೂರ ಇರುವುದು ಯಾರೂ ಮಾಡಿದ್ದಲ್ಲ, ಸಿಕ್ಕಿದ್ದು. ಅದಕ್ಕೇ ಖಗೋಳಕ್ಕೆ ಆ ಪದ ಅಷ್ಟು ಚೆನ್ನಾಗಿ ಒಪ್ಪಿದೆ. ರೊಟ್ಟಿ ಹಿಟ್ಟಿಗೆ ಅದು ಒಪ್ಪುವುದಿಲ್ಲ.

ವ್ಯತ್ಯಾಸ ಇನ್ನೂ ಒಂದು ಕಡೆ ಕಾಣುತ್ತದೆ. ‘ಹದ’ಕ್ಕೆ ಕೆಡುವ ರೂಪ ಇದೆ: ಆರೋಗ್ಯ ಹದಗೆಟ್ಟಿತು, ರಸ್ತೆ ಹದಗೆಟ್ಟಿದೆ. ಇಂಗ್ಲಿಷಿನಲ್ಲಿ ಗೋಲ್ಡಿಲಾಕ್ಸ್‌ಗೆ ಅಂಥ ಕ್ರಿಯಾಪದವಿಲ್ಲ. ಹದಗೆಟ್ಟ ರಸ್ತೆಯನ್ನು ಇಂಗ್ಲಿಷಿಗೆ ತರುವಾಗ ಈ ಪದದ ಹತ್ತಿರ ಸುಳಿಯುವಂತಿಲ್ಲ.

ಹಾಗಾದರೆ ಕನ್ನಡಕ್ಕೆ ತರುವುದು ಹೇಗೆ? ಒಂದೇ ಪದ ಎಲ್ಲ ಕಡೆ ನಡೆಯುವುದಿಲ್ಲ. ಖಗೋಳದಲ್ಲಿ ‘ವಾಸಯೋಗ್ಯ ವಲಯ’ ಇರಲಿ, ಅದು ಪಠ್ಯದಲ್ಲಿ ಆಗಲೇ ನೆಲೆಯಾಗಿದೆ. ಬೆಲೆಯ ಆಟಕ್ಕೆ ‘ನಡುವಿನ ಬೆಲೆಯ ತಂತ್ರ’ ಎಂದರೆ ಕಥೆ ಗೊತ್ತಿಲ್ಲದವರಿಗೂ ತಿಳಿಯುತ್ತದೆ. ಆರ್ಥಿಕತೆಗೆ ‘ಹದವಾದ ಸ್ಥಿತಿ’ ಸಾಕು, ನಿಲ್ಲದಿರುವ ಅಳುಕೂ ಹದದಲ್ಲಿ ತಾನೇ ಇದೆ. ಮಾತಿನಲ್ಲಿ ಬಂದಾಗ ‘ಅತ್ತಲೂ ಅಲ್ಲ, ಇತ್ತಲೂ ಅಲ್ಲ, ಸರಿಯಾಗೈತಿ’ ಎಂದು ಬಿಡಿಸಿ ಹೇಳುವುದಕ್ಕೆ ನಾಚಬೇಕಿಲ್ಲ. ‘ಮಧ್ಯಮ ಮಾರ್ಗ’ ಮಾತ್ರ ಬೇಡ. ಅದು ಬುದ್ಧನ ಮಾತು, ನಡತೆಗೆ ಸಂಬಂಧಿಸಿದ್ದು, ಗಂಜಿಯ ಬಿಸಿಗೆ ಭಾರವಾಗುತ್ತದೆ. ರಾಜಿ ಎಂಬ ಅರ್ಥವೂ ಬೇಡ. ರಾಜಿಯಲ್ಲಿ ಇಬ್ಬರೂ ಅಷ್ಟಿಷ್ಟು ಕಳೆದುಕೊಳ್ಳುತ್ತಾರೆ, ಗೋಲ್ಡಿಲಾಕ್ಸ್ ಏನನ್ನೂ ಕಳೆದುಕೊಂಡವಳಲ್ಲ.

‘ನಡುವೆ’ ಎಂಬುದನ್ನು ನಕಾಶೆಯ ಮೇಲೆ ಅಳೆಯಬಾರದು ಎಂಬುದಕ್ಕೆ ನಮ್ಮ ಕಾಲುವೆಯೇ ಸಾಕು. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 200 ಕಿ.ಮೀ.ಗೂ ಉದ್ದ. ಮೇಲ್ಭಾಗದಲ್ಲಿ, ಗಂಗಾವತಿ ಕಡೆ, ನೀರು ಹೆಚ್ಚಾಗಿ ನಿಂತ ಕಡೆ ಹೊಲ ಉಪ್ಪೇರಿ, ಜೌಗಾಗಿ ಸವಳು ಜವಳಾಗಿದೆ. ಕೊನೆ ಭಾಗದಲ್ಲಿ, ಮಾನ್ವಿ, ರಾಯಚೂರು ಕಡೆ, ನೀರು ತಲುಪುವುದಿಲ್ಲ ಎಂಬ ಕೂಗು ಪ್ರತಿ ಹಂಗಾಮಿನದು. ಹಾಗೆಂದು ನಡು ಭಾಗದ ಹಳ್ಳಿಗಳೆಲ್ಲ ಗೋಲ್ಡಿಲಾಕ್ಸ್ ಹಳ್ಳಿಗಳು ಎಂದರೆ ಅಲ್ಲಿಯವರು ನಕ್ಕಾರು. ಗೇಟು ಎತ್ತುವ ದಿನ, ಉಪಕಾಲುವೆಯ ಹೂಳು, ಮೇಲಿನವರ ಪಂಪು, ಇಷ್ಟೂ ಸರಿಹೋದರೆ ಮಾತ್ರ ಅಲ್ಲೂ ಸರಿ.

ಈಗ ಗವರ್ನರ್ ಮಾತಿಗೆ ಹಿಂತಿರುಗಿದರೆ ಅದನ್ನು ಬಿಡಿಸಿ ಓದುವುದು ಸುಲಭ. 2025-26ರ ಮೊದಲ ಅರ್ಧ ವರ್ಷದಲ್ಲಿ ಹಣದುಬ್ಬರ 2.2%, ಬೆಳವಣಿಗೆ 8% ಎಂದು ಅವರು ಹೇಳಿದ ಎರಡು ಅಂಕಿ. ಹಣದುಬ್ಬರದ ಗುರಿ 4%, ಆಚೀಚೆ 2ರಷ್ಟು ಸಡಿಲ, ಅಂದರೆ 2ರಿಂದ 6ರ ಒಳಗೆ ಇರಬೇಕು. 6 ದಾಟಿದರೆ ಬಾಯಿ ಸುಡುತ್ತದೆ, 2ಕ್ಕಿಂತ ಇಳಿದರೆ ಗಂಜಿ ಆರಿದ ಹಾಗೆ. ಅದೇ ದಿನ ರೆಪೊ ದರವನ್ನು (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ) 0.25 ಇಳಿಸಿ 5.25% ಮಾಡಿದ್ದಕ್ಕೂ ಇದೇ ಸಮರ್ಥನೆ: ಬೆಲೆ ತಣ್ಣಗಿದೆ, ಒಲೆಗೆ ಇನ್ನೊಂದು ಕಟ್ಟಿಗೆ ಇಡಬಹುದು. ಗಮನಿಸಿದರೆ 2.2 ಎಂಬುದು ಪಟ್ಟಿಯ ನಟ್ಟನಡುವೆ ಇಲ್ಲ, ಕೆಳಗಿನ ಅಂಚಿಗೆ ಒತ್ತಿಕೊಂಡಿದೆ. 2025ರ ಅಕ್ಟೋಬರ್‌ನಲ್ಲಂತೂ ಚಿಲ್ಲರೆ ಹಣದುಬ್ಬರ 0.25%ಕ್ಕೆ ಕುಸಿದಿತ್ತು. ಆಹಾರದ ಬೆಲೆ ಹಿಂದಿನ ವರ್ಷದ ಅದೇ ತಿಂಗಳಿಗಿಂತ ಕೆಳಗಿತ್ತು.

ಕಥೆಯಲ್ಲಿ ಗಂಜಿ ಸರಿಯಿದೆ ಎಂದು ತೀರ್ಪು ಕೊಟ್ಟ ನಾಲಿಗೆ ಒಂದೇ, ಹುಡುಗಿಯದು. ದೊಡ್ಡ ಕರಡಿಗೆ ಆ ಸುಡುವ ಗಂಜಿಯೇ ಇಷ್ಟವಿತ್ತೋ ಏನೋ, ಅದನ್ನು ಯಾರೂ ಕೇಳಿಲ್ಲ. ಬೆಂಗಳೂರಲ್ಲಿ ಬಾಡಿಗೆ ಕಟ್ಟಿ ಅಕ್ಕಿ ಕೊಳ್ಳುವವನಿಗೆ ಹಿತವಾಗಿರುವ ಬೆಲೆ, ಕಾರಟಗಿಯಲ್ಲಿ ಭತ್ತದ ಚೀಲ ಹೊಲಿಸಿಟ್ಟು ಧಾರಣೆ ಕೇಳುತ್ತಿರುವವನ ಬಾಯಿಗೆ ತಣ್ಣಗೆ ಕೊರೆಯಬಹುದು.